ಹಳೇ ರ‍್ಯಾಮ್, ಹಳೇ ಪಿಸಿ ಬಿಡಿಭಾಗ: ಬೆಂಗಳೂರಿನಲ್ಲಿ ಕೊಳ್ಳುವವರು, ಮಾರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗುಜರಿಯಿಂದ ಚೀಲಗಟ್ಟಲೆ ಹಳೇ ರ‍್ಯಾಮ್ (ಕಂಪ್ಯೂಟರಿನ ಮೆಮೊರಿ ಪಟ್ಟಿ, ನಮ್ಮ ಮಾತಿನಲ್ಲಿ ಸ್ಟಿಕ್) ತಂದು, ಬೇರ್ಪಡಿಸಿ, ಓಡಿಸಿ ನೋಡಿ, ಬೇಕಾದವರಿಗೆ ಕೊಡುವುದು ನನ್ನ ಸಂಜೆ ಹೊತ್ತಿನ ಕೆಲಸ. ಇದರಲ್ಲಿ ದೊಡ್ಡ ದುಡ್ಡೇನಿಲ್ಲ. ಆದರೆ ಫೋನ್ ಮಾತ್ರ ಬಿಡುವಿಲ್ಲದೆ ಬರುತ್ತದೆ. ಕೇಳಿದ್ದನ್ನೇ ಕೇಳುವವರು ಜಾಸ್ತಿ, ಹೇಳಿದ್ದನ್ನೇ ಹೇಳಿ ನನಗೂ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಇದನ್ನೆಲ್ಲ ಈಗ ಯಾರು ಕೊಳ್ಳುತ್ತಾರೆ?

ಮೊದಲನೆಯವರು ಹವ್ಯಾಸಿಗಳು. ಡಾಸ್ (ವಿಂಡೋಸ್‌ಗೆ ಮುಂಚಿನ ಆಪರೇಟಿಂಗ್ ಸಿಸ್ಟಂ) ಗೇಮ್, ವಿಂಡೋಸ್ 98 ಗೇಮ್ ಆಡಲು ಆ ಕಾಲದ ಪಿಸಿಯನ್ನೇ ಕಟ್ಟುವವರು. ಬೆಂಗಳೂರಿನಲ್ಲಿ ಇಂಥವರಿಗೆ ಬರವಿಲ್ಲ. ಹೆಚ್ಚಿನವರು ಸಾಫ್ಟ್‌ವೇರ್ ಕೆಲಸದವರು, ಚಿಕ್ಕಂದಿನಲ್ಲಿ ಮನೆಯಲ್ಲಿದ್ದ ಪೆಂಟಿಯಂ ಮತ್ತೆ ಬೇಕು ಎನ್ನುವವರು.

ಎರಡನೆಯವರನ್ನು ಯಾರೂ ಊಹಿಸುವುದಿಲ್ಲ. ಪೀಣ್ಯದ ಕಾರ್ಖಾನೆಗಳವರು. ಲಕ್ಷಗಟ್ಟಲೆ ಬೆಲೆಯ ಯಂತ್ರ, ಅದನ್ನು ಆಡಿಸಲು ಒಂದು ಹಳೇ ಇಂಡಸ್ಟ್ರಿಯಲ್ ಪಿಸಿ, ಅದರೊಳಗೆ ಐಎಸ್‌ಎ ಎನ್ನುವ ಹಳೇ ಮಾದರಿ ಸ್ಲಾಟಿನ ಕಾರ್ಡ್. ಆ ಕಾರ್ಡಿನ ಸಾಫ್ಟ್‌ವೇರ್ ಡಾಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಪಿಸಿ ಬದಲಿಸಬೇಕೆಂದರೆ ಯಂತ್ರವನ್ನೇ ಬದಲಿಸಬೇಕು. ಇಂಥ ಕಡೆ ಒಂದು ಜೊತೆ 72 ಪಿನ್ ಸಿಮ್ (ಹಳೇ ಮಾದರಿಯ ಮೆಮೊರಿ ಸ್ಟಿಕ್, ಫೋನಿನ ಸಿಮ್ ಅಲ್ಲ) ಕೆಟ್ಟರೆ ಮಾಲೀಕರು ಚೌಕಾಸಿ ಮಾಡುವುದಿಲ್ಲ. ‘ಇವತ್ತೇ ಸಿಗುತ್ತಾ?’ ಎಂದಷ್ಟೇ ಕೇಳುತ್ತಾರೆ.

ಮೂರನೆಯವರು ಮಾಮೂಲಿ ಜನ. ಹಳೇ ಲ್ಯಾಪ್‌ಟಾಪಿಗೆ ಇನ್ನೊಂದು ನಾಲ್ಕು ಜಿಬಿ ಹಾಕಿಸಿಕೊಳ್ಳೋಣ ಎನ್ನುವವರು. 2025ರ ಕೊನೆಯಿಂದ ಈ ಗುಂಪು ದೊಡ್ಡದಾಗಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹರಿದುಹೋಗಿ ಹೊಸ ರ‍್ಯಾಮ್ ದರ ಏರಿತು. ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಹೊಸದು ದುಬಾರಿಯಾದರೆ ಹಳೆಯದಕ್ಕೆ ಜೀವ ಬರುತ್ತದೆ.

ಹಳೆಯದಾದಷ್ಟೂ ಬೆಲೆ ಜಾಸ್ತಿ ಅಲ್ವಾ?

ಅಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಅರ್ಧ ಜಗಳ ಆಗುತ್ತದೆ. ವಯಸ್ಸು ನೋಡಿ ಯಾರೂ ದುಡ್ಡು ಕೊಡುವುದಿಲ್ಲ. ಆ ರ‍್ಯಾಮ್ ಹಿಡಿಸುವ ಮದರ್‌ಬೋರ್ಡ್ ಇನ್ನೂ ಬದುಕಿದೆಯೇ, ಅದರ ಮಾಲೀಕನಿಗೆ ಇದು ಬಿಟ್ಟರೆ ಬೇರೆ ದಾರಿ ಇಲ್ಲವೇ ಎನ್ನುವುದಷ್ಟೇ ಲೆಕ್ಕ.

ಉದಾಹರಣೆಗೆ 256 ಎಂಬಿಯ ಡಿಡಿಆರ್1 (ಡಿಡಿಆರ್ ಮುಂದಿನ ಅಂಕಿ ಪೀಳಿಗೆಯ ಲೆಕ್ಕ). ಇಪ್ಪತ್ತು ವರ್ಷದ ಹಿಂದಿನದು, ಆದರೆ ಬೆಟ್ಟದಷ್ಟು ಬಿದ್ದಿದೆ. ಯಾರಿಗೂ ಬೇಡ. ಅದೇ ಡಿಡಿಆರ್2ರಲ್ಲಿ ಎಲ್ಲ ಬೋರ್ಡಿಗೂ ಒಗ್ಗುವ 4 ಜಿಬಿ ಸ್ಟಿಕ್ ತೀರಾ ಅಪರೂಪ, ಸಿಕ್ಕರೆ ಒಳ್ಳೇ ಬೆಲೆ. ಡಿಡಿಆರ್3ರಲ್ಲಿ 1 ಜಿಬಿ ಕಸ, 8 ಜಿಬಿ ಕೈಯಿಂದ ಕೈಗೆ ಹೋಗುತ್ತದೆ. 30 ಪಿನ್ ಸಿಮ್‌ನಲ್ಲಿ 256 ಕೆಬಿ ಸುಮ್ನೆ ನೋಡಲು ಚೆನ್ನ, 4 ಎಂಬಿ ಆದರೆ ನಾಲ್ಕು ಒಂದೇ ಥರದ್ದು ಸಿಗಲಿ ಎಂದು ಜನ ಕಾಯುತ್ತಾರೆ. ಪ್ರತಿ ಪೀಳಿಗೆಯಲ್ಲೂ ಹೀಗೇ. ಆ ಕಾಲಕ್ಕೆ ದುಬಾರಿಯಾಗಿದ್ದ ದೊಡ್ಡ ಸೈಜಿಗೆ ಈಗಲೂ ಬೇಡಿಕೆ, ಎಲ್ಲರ ಮನೆಯಲ್ಲಿದ್ದ ಸಣ್ಣ ಸೈಜು ತೂಕಕ್ಕೆ.

ಬೆಂಗಳೂರಿನಲ್ಲಿ ಮಾಲು ಎಲ್ಲಿ ಸಿಗುತ್ತದೆ?

ಎಲ್ಲರಿಗೂ ಗೊತ್ತಿರುವುದು ಎಸ್‌ಪಿ ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ. ಮುಖ್ಯರಸ್ತೆಯ ಗಾಜಿನ ಅಂಗಡಿಗಳಲ್ಲಿ ಹೊಸ ಮಾಲು. ನಮಗೆ ಬೇಕಾದ್ದು ಗಲ್ಲಿಗಳ ಒಳಗೆ, ಮೊದಲ ಮಹಡಿಯ ರಿಪೇರಿ ಅಂಗಡಿಗಳಲ್ಲಿ. ‘ಹಳೇ ರ‍್ಯಾಮ್ ಇದೆಯಾ?’ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ‘ಪೆಂಟಿಯಂ ತ್ರೀ ಬೋರ್ಡಿಗೆ ಎಸ್‌ಡಿ ರ‍್ಯಾಮ್ ಬೇಕು, 256ರದ್ದು’ ಎಂದು ಸ್ಪಷ್ಟವಾಗಿ ಕೇಳಿದರೆ ಹುಡುಗ ಅಟ್ಟ ಹತ್ತಿ ಡಬ್ಬ ಇಳಿಸುತ್ತಾನೆ. ಗಾಡಿ ತರಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ. ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆಯಿರಿ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.

ಭಾನುವಾರಕ್ಕೆ ಸಂಡೇ ಬಜಾರ್ ಇದೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತಮುತ್ತ. ಬೆಳಗ್ಗೆ ಬೇಗ ಹೋದರೆ ಮಾತ್ರ ಉಪಯೋಗ. ಬಿಸಿಲೇರುವ ಹೊತ್ತಿಗೆ ಒಳ್ಳೇ ಮಾಲು ಹೋಗಿರುತ್ತದೆ, ಚಾರ್ಜರ್ ಮತ್ತು ರಿಮೋಟ್ ಉಳಿದಿರುತ್ತವೆ. ಗೋರಿಪಾಳ್ಯ, ನಾಯಂಡಹಳ್ಳಿ ಕಡೆಯ ಗುಜರಿ ಗೋದಾಮುಗಳಲ್ಲಿ ಲಾಟ್ ಲೆಕ್ಕದಲ್ಲಿ ಸಿಗುತ್ತದೆ, ಆದರೆ ಪರಿಚಯ ಬೇಕು.

ನನ್ನ ಅನುಭವದಲ್ಲಿ ಅತಿ ಒಳ್ಳೆಯ ಮಾಲು ಬರುವುದು ಈ ಯಾವ ಮಾರುಕಟ್ಟೆಯಿಂದಲೂ ಅಲ್ಲ. ಮುಚ್ಚುತ್ತಿರುವ ಡಿಟಿಪಿ ಅಂಗಡಿ, ಟೈಪಿಂಗ್ ಇನ್‌ಸ್ಟಿಟ್ಯೂಟ್, ಆಡಿಟರ್ ಆಫೀಸು. ಇಂಥ ಕಡೆ ಪಿಸಿ ಒಂದೇ ಮೂಲೆಯಲ್ಲಿ ಹದಿನೈದು ವರ್ಷ ಕೂತಿರುತ್ತದೆ. ಧೂಳು ಇರುತ್ತದೆ, ಆದರೆ ಯಾರೂ ಬಿಚ್ಚಿ ಕೆಡಿಸಿರುವುದಿಲ್ಲ. ಎಚ್‌ಸಿಎಲ್, ವಿಪ್ರೊ, ಝೆನಿತ್ ಬ್ರ್ಯಾಂಡಿನ ಪೂರ್ತಿ ಡಬ್ಬ ಸಿಕ್ಕರೆ ಬಿಡಿಭಾಗ ಕೀಳಬೇಡಿ, ಹಾಗೇ ಇಡಿ. ನಮ್ಮ ದೇಶದ ಬ್ರ್ಯಾಂಡಿನ ಪೂರ್ತಿ ಪಿಸಿ ಹುಡುಕುವವರು ಈಗ ಇದ್ದಾರೆ.

ಕೆಜಿ ಲೆಕ್ಕದಲ್ಲಿ ಕೊಳ್ಳಬೇಕೋ, ಪೀಸ್ ಲೆಕ್ಕದಲ್ಲೋ?

ಗುಜರಿಯವರು ರ‍್ಯಾಮನ್ನು ತೂಗುವುದು ಅದರ ಅಂಚಿನಲ್ಲಿರುವ ಚಿನ್ನದ ಲೇಪನ ನೋಡಿ. ಅವರಿಗೆ 128 ಎಂಬಿ, 8 ಜಿಬಿ ಎಲ್ಲ ಒಂದೇ, ತೂಕ ಮುಖ್ಯ. ಹಾಗಾಗಿ ಕೆಜಿ ಲೆಕ್ಕ ನಿಮಗೆ ಲಾಭ. ಆದರೆ ಚೀಲದಿಂದ ಆರಿಸಿಕೊಳ್ಳಲು ಬಿಡುತ್ತಾರೆಯೇ ಎಂದು ಮೊದಲೇ ಕೇಳಿ. ಆರಿಸಲು ಬಿಟ್ಟರೆ ದರ ಜಾಸ್ತಿ ಹೇಳುತ್ತಾರೆ, ಅದು ನ್ಯಾಯವೇ. ಬಿಡದಿದ್ದರೆ ಚೀಲದ ಮೇಲಿನ ಪದರ ನೋಡಿ ನಂಬಬೇಡಿ, ಕೈಹಾಕಿ ತಳದಿಂದ ಹಿಡಿ ತುಂಬ ತೆಗೆದು ನೋಡಿ. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಹೊದಿಕೆ) ಇರುವ ಸ್ಟಿಕ್‌ಗಳ ತೂಕದಲ್ಲಿ ಅಲ್ಯುಮಿನಿಯಮ್ಮೇ ಜಾಸ್ತಿ, ಅದನ್ನು ಬೇರೆ ತೂಗಿಸಿ.

ಮಳೆಯಲ್ಲಿ ನೆನೆದ ಲಾಟ್ ಬೇಡವೇ ಬೇಡ. ಹಸಿರು ಹಿಡಿದ ಪಿನ್ ಒರೆಸಿದರೆ ಹೋಗಬಹುದು, ಚಿಪ್ಪಿನ ಕೆಳಗೆ ಇಳಿದ ನೀರು ಹೋಗುವುದಿಲ್ಲ.

‘ಚೆಕ್ಕಿಂಗ್ ವಾರಂಟಿ’ ಅಂದರೇನು?

ಇವತ್ತು ಒಯ್ದು ಹಾಕಿ ನೋಡಿ, ಓಡದಿದ್ದರೆ ತಂದುಕೊಡಿ ಎಂದರ್ಥ. ಸಾಮಾನ್ಯವಾಗಿ ಅದೇ ದಿನ ಅಥವಾ ಮಾರನೇ ದಿನದ ಮಟ್ಟಿಗೆ. ದುಡ್ಡು ವಾಪಸ್ ಸಿಗುವುದು ಕಷ್ಟ, ಬದಲಿ ಪೀಸ್ ಕೊಡುತ್ತಾರೆ. ಬಿಲ್ಲಿನ ಹಿಂದೆ ಅಂಗಡಿಯವರಿಂದಲೇ ದಿನಾಂಕ ಬರೆಸಿಕೊಳ್ಳಿ. ಅಂಗಡಿಯಲ್ಲೇ ಟೆಸ್ಟ್ ಬೋರ್ಡ್ ಇದ್ದರೆ ಅಲ್ಲೇ ಹಾಕಿಸಿ. ಆದರೆ ಪರದೆ ಬಂತು ಎಂದ ಮಾತ್ರಕ್ಕೆ ರ‍್ಯಾಮ್ ಸರಿ ಇದೆ ಎಂದಲ್ಲ. ಬೋಣಿ ಹೊತ್ತಿನಲ್ಲಿ ಹೋಗಿ ಜಾಸ್ತಿ ಚೌಕಾಸಿ ಮಾಡಿದರೆ ಮುಖ ಗಂಟಾಗುತ್ತದೆ. ಮಧ್ಯಾಹ್ನ ಊಟದ ನಂತರ ಹೋಗುವುದು ವಾಸಿ.

ನೋಡಿದ ಕೂಡಲೇ ಯಾವ ರ‍್ಯಾಮ್ ಎಂದು ಹೇಗೆ ಹೇಳುವುದು?

ಉದ್ದ, ಪಿನ್, ಕಚ್ಚು (ಅಂಚಿನಲ್ಲಿ ಕೊರೆದ ಸಣ್ಣ ಸೀಳು). ಈ ಮೂರು ನೋಡಿದರೆ ಸಾಕು.

ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿ, ಒಂದೇ ಸಾಲು 30 ಪಿನ್ ಇದ್ದರೆ ಅದು 286, 386 ಮತ್ತು ಮೊದಮೊದಲ 486 (ಪೆಂಟಿಯಂಗೆ ಮುಂಚಿನ ಪ್ರೊಸೆಸರ್‌ಗಳು) ಕಾಲದ ಸಿಮ್. ಅದಕ್ಕಿಂತ ಉದ್ದವಾಗಿ, ನಡುವೆ ಒಂದು ದುಂಡು ಕಚ್ಚು ಇದ್ದರೆ 72 ಪಿನ್ ಸಿಮ್. ಅದು 486 ಮತ್ತು ಪೆಂಟಿಯಂನದು. ಕೆಳಗಿನ ಅಂಚಿನಲ್ಲಿ ಎರಡು ಕಚ್ಚು ಇದ್ದರೆ 168 ಪಿನ್ ಎಸ್‌ಡಿ ರ‍್ಯಾಮ್. ಪೆಂಟಿಯಂ 2, ಪೆಂಟಿಯಂ 3 ಕಾಲದ್ದು, ಪಿಸಿ66, ಪಿಸಿ100, ಪಿಸಿ133 ಎಂದು ಬರುತ್ತದೆ. 3.3 ವೋಲ್ಟ್.

ಒಂದೇ ಕಚ್ಚು ಇದ್ದರೆ ಡಿಡಿಆರ್ ಕುಟುಂಬ. ಡಿಡಿಆರ್1ಕ್ಕೆ 184 ಪಿನ್, 2.5 ವೋಲ್ಟ್. ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್, ಕಚ್ಚಿನ ಜಾಗ ಮಾತ್ರ ಬೇರೆ. ಒಂದರದು 1.8 ವೋಲ್ಟ್, ಇನ್ನೊಂದರದು 1.5. ಡಿಡಿಆರ್4ಕ್ಕೆ 288 ಪಿನ್, 1.2 ವೋಲ್ಟ್. ಇದರ ಕೆಳಗಿನ ಅಂಚು ನೇರವಾಗಿರದೆ ಮಧ್ಯದಲ್ಲಿ ಸ್ವಲ್ಪ ಇಳಿದಿರುತ್ತದೆ, ಮೇಜಿನ ಮೇಲೆ ನಿಲ್ಲಿಸಿದರೆ ಗೊತ್ತಾಗುತ್ತದೆ. ಡಿಡಿಆರ್5ಕ್ಕೂ 288 ಪಿನ್ನೇ, ಆದರೆ ಕಚ್ಚು ಬೇರೆ ಕಡೆ. ಗುಜರಿಗೆ ಇನ್ನೂ ಅದು ಅಪರೂಪ.

ಲ್ಯಾಪ್‌ಟಾಪಿನ ಚಿಕ್ಕ ಸ್ಟಿಕ್‌ನಲ್ಲಿ ಎಸ್‌ಡಿ ರ‍್ಯಾಮಿಗೆ 144 ಪಿನ್, ಡಿಡಿಆರ್1 ಮತ್ತು 2ಕ್ಕೆ 200, ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260. ಡಿಡಿಆರ್1 ಮತ್ತು 2ರ ಕಚ್ಚು ಒಂದು ಕೂದಲೆಳೆ ಅಂತರದಲ್ಲಿರುವುದರಿಂದ ಇಲ್ಲಿ ಕಣ್ಣು ಮೋಸ ಹೋಗುತ್ತದೆ, ಚಿಪ್ಪಿನ ನಂಬರ್ ಓದುವುದೇ ಸರಿ.

ಎರಡೂ ಕಡೆ ಲೋಹದ ಹೊದಿಕೆ, ಕೆಳಗೆ ಹತ್ತಿರಹತ್ತಿರ ಎರಡು ಕಚ್ಚು ಇದ್ದರೆ ರ‍್ಯಾಂಬಸ್. ಮೊದಮೊದಲ ಪೆಂಟಿಯಂ 4 ಬೋರ್ಡ್‌ಗಳದು. ಇದರ ಜೊತೆ ಚಿಪ್ಪೇ ಇಲ್ಲದ ಖಾಲಿ ಸ್ಟಿಕ್ ಸಿಕ್ಕರೆ ಕಸ ಎಂದು ಎಸೆಯಬೇಡಿ. ರ‍್ಯಾಂಬಸ್ ಬೋರ್ಡಿನಲ್ಲಿ ಖಾಲಿ ಸ್ಲಾಟ್ ಬಿಡುವಂತಿಲ್ಲ, ಅಲ್ಲಿ ಈ ಖಾಲಿ ಸ್ಟಿಕ್ಕೇ ಕೂರಬೇಕು. ಎಷ್ಟೋ ಜನ ಅದನ್ನು ಎಸೆದಿದ್ದಾರೆ, ಹಾಗಾಗಿ ಈಗ ಅದೇ ಬೇಕು ಎಂದು ಫೋನ್ ಬರುತ್ತದೆ.

ಸ್ಟಿಕ್ಕರ್ ಕಿತ್ತುಹೋಗಿದೆ. ಈಗೇನು ಮಾಡುವುದು?

ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಚಿಪ್ಪಿನ ಮೇಲಿನ ಬರಹವೇ ನಿಜ. ಬೆಳಕನ್ನು ಓರೆಯಾಗಿ ಹಿಡಿದು ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ.

ಸ್ಯಾಮ್‌ಸಂಗ್ ಚಿಪ್ ಕೆ4 ಎಂದು ಶುರುವಾಗುತ್ತದೆ. ಮುಂದಿನ ಅಕ್ಷರ ಪೀಳಿಗೆ ಹೇಳುತ್ತದೆ: ಕೆ4ಎಸ್ ಅಂದರೆ ಎಸ್‌ಡಿ ರ‍್ಯಾಮ್, ಕೆ4ಎಚ್ ಡಿಡಿಆರ್1, ಕೆ4ಟಿ ಡಿಡಿಆರ್2, ಕೆ4ಬಿ ಡಿಡಿಆರ್3, ಕೆ4ಎ ಡಿಡಿಆರ್4. ಹೈನಿಕ್ಸ್‌ನಲ್ಲಿ ಎಚ್‌ವೈ57ವಿ ಎಸ್‌ಡಿ ರ‍್ಯಾಮ್, ಎಚ್‌ವೈ5ಡಿಯು ಡಿಡಿಆರ್1, ಎಚ್‌ವೈ5ಪಿಎಸ್ ಡಿಡಿಆರ್2. ಮೈಕ್ರಾನ್‌ನಲ್ಲಿ ಎಂಟಿ48, ಎಂಟಿ46, ಎಂಟಿ47, ಎಂಟಿ41, ಎಂಟಿ40 ಇದೇ ಕ್ರಮದಲ್ಲಿ. 48 ಹಳೆಯದು, 40 ಡಿಡಿಆರ್4.

ತಯಾರಾದ ಕಾಲವೂ ಎಷ್ಟೋ ಸಲ ಅಲ್ಲೇ ಇರುತ್ತದೆ. 9827 ಎಂದಿದ್ದರೆ 1998ರ 27ನೇ ವಾರ. ಹಳೇ ಸಿಮ್ ಚಿಪ್ಪಿನ ಕೊನೆಯಲ್ಲಿ -60 ಅಥವಾ -70 ಎಂದಿದ್ದರೆ ಅದು ವೇಗ, ನ್ಯಾನೊಸೆಕೆಂಡ್ ಲೆಕ್ಕದಲ್ಲಿ. ಸಣ್ಣ ನಂಬರ್ ಅಂದರೆ ಜಾಸ್ತಿ ವೇಗ. ಎಸ್‌ಡಿ ರ‍್ಯಾಮಿನಲ್ಲಿ -75 ಅಂದರೆ 7.5 ನ್ಯಾನೊಸೆಕೆಂಡ್, ಅಂದರೆ ಪಿಸಿ133.

ಸೀಮೆನ್ಸ್, ಇನ್‌ಫಿನಿಯನ್, ಕಿಮೊಂಡ, ಎಲ್ಪಿಡಾ ಇಂಥ ಹೆಸರುಗಳು ಕಂಡರೆ ಹೊಸಬರು ಲೋಕಲ್ ಮಾಲು ಎಂದುಕೊಳ್ಳುತ್ತಾರೆ. ಎಲ್ಲ ದೊಡ್ಡ ಕಂಪನಿಗಳೇ. ಕಿಮೊಂಡ 2009ರಲ್ಲಿ ದಿವಾಳಿ ಎದ್ದಿತು, ಎಲ್ಪಿಡಾವನ್ನು 2013ರಲ್ಲಿ ಮೈಕ್ರಾನ್ ಕೊಂಡಿತು. ಅವರ ಚಿಪ್‌ಗಳು ಈಗಲೂ ಗಟ್ಟಿಯಾಗಿ ಓಡುತ್ತಿವೆ.

‘ಪಿಸಿ3-10600ಯು’ ಎಂದು ಬರೆದಿದೆ. ಇದರ ಅರ್ಥ?

ಪಿಸಿ3 ಅಂದರೆ ಡಿಡಿಆರ್3. 10600 ಅನ್ನು 8ರಿಂದ ಭಾಗಿಸಿದರೆ ಹತ್ತಿರಹತ್ತಿರ 1333 ಬರುತ್ತದೆ, ಅದೇ ಮಾಮೂಲಿ ಹೇಳುವ ವೇಗ. ಪಿಸಿ3ಎಲ್ ಎಂದಿದ್ದರೆ 1.35 ವೋಲ್ಟಿನದು. ಅದು 1.5 ವೋಲ್ಟಿನ ಬೋರ್ಡಿನಲ್ಲೂ ಓಡುತ್ತದೆ. ಆದರೆ 1.35 ವೋಲ್ಟೇ ಬೇಕೆನ್ನುವ ಲ್ಯಾಪ್‌ಟಾಪಿನಲ್ಲಿ ಮಾಮೂಲಿ ಪಿಸಿ3 ಓಡುವ ಭರವಸೆ ಇಲ್ಲ.

ಕೊನೆಯ ಅಕ್ಷರವನ್ನು ಜನ ನೋಡುವುದೇ ಇಲ್ಲ, ಮುಖ್ಯವಾದದ್ದು ಅದೇ. ಯು ಅಂದರೆ ಮಾಮೂಲಿ ಡೆಸ್ಕ್‌ಟಾಪ್. ಎಸ್ ಅಂದರೆ ಲ್ಯಾಪ್‌ಟಾಪ್. ಇ ಅಂದರೆ ಇಸಿಸಿ (ಓದುವಾಗಿನ ದೋಷ ತಾನೇ ಸರಿಪಡಿಸುವ ವ್ಯವಸ್ಥೆ) ಇರುವ ಅನ್‌ಬಫರ್ಡ್. ಆರ್ ಅಂದರೆ ರಿಜಿಸ್ಟರ್ಡ್, ಅಂದರೆ ಸರ್ವರ್ ರ‍್ಯಾಮ್.

16 ಜಿಬಿ ಸ್ಟಿಕ್ ತೀರಾ ಅಗ್ಗಕ್ಕೆ ಸಿಕ್ಕಿತು, ನನ್ನ ಪಿಸಿಯಲ್ಲಿ ಓಡುತ್ತಿಲ್ಲ. ಕೆಟ್ಟಿದೆಯಾ?

ಬಹುಶಃ ಕೆಟ್ಟಿಲ್ಲ. ಮೇಲೆ ಹೇಳಿದ ಕೊನೆಯ ಅಕ್ಷರ ನೋಡಿ, ಆರ್ ಇರುತ್ತದೆ. ಬೆಂಗಳೂರಿನ ಡೇಟಾ ಸೆಂಟರ್ ಮತ್ತು ಆಫೀಸುಗಳಿಂದ ಇಳಿಸಿದ ಸರ್ವರ್ ರ‍್ಯಾಮ್ ಮಾರುಕಟ್ಟೆಯಲ್ಲಿ ದಂಡಿಯಾಗಿದೆ. ಮಾಮೂಲಿ ಡೆಸ್ಕ್‌ಟಾಪ್ ಬೋರ್ಡ್ ಇದನ್ನು ಒಪ್ಪುವುದಿಲ್ಲ. ಕಚ್ಚು ಒಂದೇ ಆದ್ದರಿಂದ ಸ್ಲಾಟಿನಲ್ಲಿ ಕೂರುತ್ತದೆ, ಪಿಸಿ ಏಳುವುದಿಲ್ಲ. ಗುರುತು ಸುಲಭ: ಒಂದು ಸಾಲಿನಲ್ಲಿ ಎಂಟರ ಬದಲು ಒಂಬತ್ತು ಮೆಮೊರಿ ಚಿಪ್, ನಡುವೆ ಬೇರೆ ಆಕಾರದ ಇನ್ನೊಂದು ಚಿಪ್.

ಇದಕ್ಕೂ ಗಿರಾಕಿ ಇದ್ದಾರೆ. ಹಳೇ ವರ್ಕ್‌ಸ್ಟೇಷನ್ ಇರುವವರು, ಝಿಯಾನ್ (ಸರ್ವರ್ ಪ್ರೊಸೆಸರ್) ಹಾಕಿ ಚೀನಾದ ಎಕ್ಸ್79, ಎಕ್ಸ್99 ಬೋರ್ಡ್ ಕಟ್ಟುವ ಹುಡುಗರು. ಆದರೆ ಮಾರುವಾಗ ‘ಸರ್ವರ್ ರ‍್ಯಾಮ್, ಡೆಸ್ಕ್‌ಟಾಪಿಗೆ ಆಗುವುದಿಲ್ಲ’ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಬರೆಯದೆ ಮಾರುವವರು ಇದ್ದಾರೆ. ಅದನ್ನು ನಾನು ಮೋಸ ಎಂದೇ ಕರೆಯುತ್ತೇನೆ.

256 ಎಂಬಿ ಎಸ್‌ಡಿ ರ‍್ಯಾಮ್ ಹಾಕಿದೆ, 128 ಎಂದು ತೋರಿಸುತ್ತಿದೆ. ಯಾಕೆ?

ಚಿಪ್ ಎಣಿಸಿ. ಎಂಟೇ ಇದ್ದರೆ ಪ್ರತಿ ಚಿಪ್ಪೂ 256 ಮೆಗಾಬಿಟ್‌ನದು. ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್‌ಗೆ (ಬೋರ್ಡನ್ನು ನಡೆಸುವ ಮುಖ್ಯ ಚಿಪ್‌ಗಳು) ಅಷ್ಟು ದಟ್ಟ ಚಿಪ್ ಪೂರ್ತಿ ಓದಲು ಬರುವುದಿಲ್ಲ, ಅರ್ಧ ಮಾತ್ರ ಕಾಣುತ್ತದೆ. ಎರಡೂ ಬದಿ ಸೇರಿ ಹದಿನಾರು ಚಿಪ್ ಇರುವ 256 ಎಂಬಿ ಸ್ಟಿಕ್ ಹಾಕಿದರೆ ಪೂರ್ತಿ ಕಾಣುತ್ತದೆ. ಅದಕ್ಕೇ ಹದಿನಾರು ಚಿಪ್ಪಿನದಕ್ಕೆ ಬೇಡಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ನಾನು ಈ ಎರಡನ್ನೂ ಒಂದೇ ಡಬ್ಬದಲ್ಲಿ ಇಡುವುದಿಲ್ಲ.

ಡಿಡಿಆರ್2ರಲ್ಲೂ ಇಂಥದ್ದೇ ಕಥೆ. ಎಎಂಡಿ ಬೋರ್ಡಿನಲ್ಲಿ ಮಾತ್ರ ಓಡುವ 4 ಜಿಬಿ ಸ್ಟಿಕ್‌ಗಳು ಅಗ್ಗವಾಗಿ ಸಿಗುತ್ತವೆ. ಇಂಟೆಲ್ ಬೋರ್ಡ್ ಇರುವವರಿಗೆ ಅವು ಬೇಡ.

ಸಿಮ್ ಒಂದೇ ಒಂದು ಹಾಕಬಹುದೇ?

ಪ್ರೊಸೆಸರ್ ಒಂದು ಸಲಕ್ಕೆ ಎಷ್ಟು ಬಿಟ್ ಓದುತ್ತದೆ ಎನ್ನುವುದರ ಮೇಲಿದೆ. 30 ಪಿನ್ ಸಿಮ್ 8 ಬಿಟ್ಟಿನದು. 386 ಎಸ್‌ಎಕ್ಸ್‌ಗೆ 16 ಬಿಟ್ ಬೇಕು, ಹಾಗಾಗಿ ಎರಡೆರಡು. 386 ಡಿಎಕ್ಸ್ ಮತ್ತು 486ಕ್ಕೆ 32 ಬೇಕು, ನಾಲ್ಕು ನಾಲ್ಕು. 72 ಪಿನ್ ಸಿಮ್ 32 ಬಿಟ್ಟಿನದು, 486ರಲ್ಲಿ ಒಂದೇ ಸಾಕು. ಪೆಂಟಿಯಂಗೆ 64 ಬೇಕು, ಜೊತೆ ಜೊತೆಯಾಗಿಯೇ ಹಾಕಬೇಕು. ಅದಕ್ಕೆ ಮಾರುವಾಗಲೂ ಜೊತೆ ಮಾಡಿ ಮಾರಿ. ಒಂಟಿ ಸಿಮ್ ಸುಮ್ನೆ ಕೂತಿರುತ್ತದೆ.

ಇನ್ನೊಂದು ಮಾತು. 430ಎಫ್‌ಎಕ್ಸ್, ವಿಎಕ್ಸ್, ಟಿಎಕ್ಸ್ ಚಿಪ್‌ಸೆಟ್ಟಿನ ಪೆಂಟಿಯಂ ಬೋರ್ಡ್‌ಗಳಲ್ಲಿ ಕ್ಯಾಶ್ (ಪ್ರೊಸೆಸರಿಗೆ ನೆರವಾಗುವ ವೇಗದ ಚಿಕ್ಕ ಮೆಮೊರಿ) ಕೆಲಸ ಮಾಡುವುದು 64 ಎಂಬಿವರೆಗೆ ಮಾತ್ರ. 128 ಹಾಕಿಸಿಕೊಂಡು ‘ಮೊದಲಿಗಿಂತ ನಿಧಾನವಾಗಿದೆ’ ಎನ್ನುವವರಿಗೆ ಇದೇ ಉತ್ತರ. ವಿಂಡೋಸ್ 98ಕ್ಕೂ 512 ಎಂಬಿ ದಾಟಿದರೆ ತಕರಾರು ಶುರು. ರೆಟ್ರೊ ಪಿಸಿಗೆ ರ‍್ಯಾಮ್ ತುಂಬಿಸಿದಷ್ಟೂ ಒಳ್ಳೆಯದು ಎನ್ನುವ ಮಾತು ನಡೆಯುವುದಿಲ್ಲ.

ಪರೀಕ್ಷೆ ಹೇಗೆ ಮಾಡುತ್ತೀರಿ?

ಪೀಳಿಗೆಗೊಂದು ಬೋರ್ಡ್ ಇಟ್ಟುಕೊಂಡಿದ್ದೇನೆ. ಎಸ್‌ಡಿ ರ‍್ಯಾಮಿಗೆ 440ಬಿಎಕ್ಸ್, ಡಿಡಿಆರ್1ಕ್ಕೆ ಇಂಟೆಲ್ 865, ಡಿಡಿಆರ್2ಕ್ಕೆ ಜಿ31, ಡಿಡಿಆರ್3ಕ್ಕೆ ಎಚ್61. ಕೊನೆಯ ಮೂರು ಎಸ್‌ಪಿ ರೋಡಿನಲ್ಲಿ ಸುಲಭವಾಗಿ ಸಿಗುತ್ತವೆ. 72 ಪಿನ್‌ಗೆ ಸಿಮ್ ಸ್ಲಾಟ್ ಇರುವ ಪೆಂಟಿಯಂ ಬೋರ್ಡ್. ಅದು ಏಳುವಾಗ ಪರದೆಯ ಮೇಲೆ ಇಡಿಒ (ಸ್ವಲ್ಪ ಹೆಚ್ಚು ವೇಗದ ಸಿಮ್ ಬಗೆ) ಹೌದೋ ಅಲ್ಲವೋ ಎಂದು ತೋರಿಸುತ್ತದೆ. ಬರಿಗಣ್ಣಿಗೆ ಅದು ಗೊತ್ತಾಗುವುದಿಲ್ಲ. ಆ ಬೋರ್ಡಿನಲ್ಲಿ ಎಸ್‌ಡಿ ರ‍್ಯಾಮ್ ಸ್ಲಾಟೂ ಇರಬಹುದು, ಎರಡನ್ನೂ ಒಟ್ಟಿಗೆ ತುಂಬಬೇಡಿ. ಸಿಮ್ 5 ವೋಲ್ಟಿನದು, ಇನ್ನೊಂದು 3.3 ವೋಲ್ಟಿನದು.

ಸಾಫ್ಟ್‌ವೇರ್ ಮೆಮ್‌ಟೆಸ್ಟ್86+. ಉಚಿತ. ಹಳೇ ಬೋರ್ಡಿಗೆ ಹಳೇ ಆವೃತ್ತಿ ಹಾಕಿ. ಮೊದಲು ಒಂದೊಂದೇ ಸ್ಟಿಕ್ ಹಾಕಿ ಒಂದು ಪೂರ್ತಿ ಸುತ್ತು ಓಡಿಸುತ್ತೇನೆ. ಕಾರ್ಖಾನೆಗೆ ಹೋಗುವ ಮಾಲಾದರೆ ರಾತ್ರಿಯಿಡೀ ಬಿಡುತ್ತೇನೆ. ಒಂದೇ ಒಂದು ದೋಷ ಬಂದರೂ ಮೊದಲು ಪಿನ್ ಒರೆಸಿ, ಸ್ಲಾಟ್ ಬದಲಿಸಿ ಮತ್ತೆ ನೋಡುತ್ತೇನೆ. ಅದೇ ವಿಳಾಸದಲ್ಲಿ ಮತ್ತೆ ಬಂದರೆ ಅದು ಕೆಟ್ಟದ್ದು. ‘ಒಂದೆರಡು ಎರರ್ ಪರವಾಗಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ವಿದ್ಯುತ್ ಇರುವಾಗ ರ‍್ಯಾಮ್ ಕೀಳಬೇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಎಳೆಯಿರಿ. ಎಟಿಎಕ್ಸ್ ಸಪ್ಲೈ ಆಫ್ ಆಗಿದ್ದರೂ ಬೋರ್ಡಿಗೆ ಸ್ವಲ್ಪ ಕರೆಂಟ್ ಬರುತ್ತಲೇ ಇರುತ್ತದೆ.

ರಬ್ಬರ್ ಹಾಕಿ ಉಜ್ಜಬಹುದೇ?

ಎಸ್‌ಪಿ ರೋಡಿನಲ್ಲಿ ಎಲ್ಲರೂ ಉಜ್ಜುತ್ತಾರೆ. ಕೆಲಸವೂ ಆಗುತ್ತದೆ. ಆದರೆ ಚಿನ್ನದ ಲೇಪನ ತುಂಬ ತೆಳು, ಪ್ರತಿ ಸಲ ಸ್ವಲ್ಪ ಸ್ವಲ್ಪ ಹೋಗುತ್ತದೆ. ನನಗೆ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿ ಬಟ್ಟೆ ಇಷ್ಟ. ಅದರಿಂದ ಹೋಗದ ಕೊಳೆಗೆ ಮಾತ್ರ ಬಿಳಿ ರಬ್ಬರ್, ಮೆತ್ತಗೆ ಒಂದೇ ದಿಕ್ಕಿಗೆ. ಸ್ಯಾಂಡ್‌ಪೇಪರ್ ಹಾಕಿದ ಪೀಸ್ ನೋಡಿದರೆ ಹೊಟ್ಟೆ ಉರಿಯುತ್ತದೆ.

ಮದರ್‌ಬೋರ್ಡ್ ಕೊಳ್ಳುವಾಗ ಏನು ನೋಡಬೇಕು?

386, 486 ಬೋರ್ಡಾದರೆ ಮೊದಲು ಬ್ಯಾಟರಿ. ಬೋರ್ಡಿಗೇ ಬೆಸೆದ ನೀಲಿ ಅಥವಾ ಹಸಿರು ಪೀಪಾಯಿ ಆಕಾರದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಕೀಬೋರ್ಡ್ ಕನೆಕ್ಟರ್ ಸುತ್ತ ಹಸಿರು-ಬಿಳಿ ಪುಡಿ ಕಂಡರೆ ಅದೇ. ಸೋರಿದ್ದು ಕ್ಷಾರ, ಹಾಗಾಗಿ ಸ್ವಲ್ಪ ವಿನೆಗರ್‌ನಲ್ಲಿ ಒರೆಸಿ, ಆಮೇಲೆ ಆಲ್ಕೋಹಾಲ್‌ನಲ್ಲಿ ತೊಳೆಯಬೇಕು. ಸೋರದಿದ್ದರೂ ಮನೆಗೆ ತಂದ ದಿನವೇ ಕತ್ತರಿಸಿ ತೆಗೆಯಿರಿ.

2000ದ ಆಸುಪಾಸಿನ ಬೋರ್ಡಾದರೆ ಕೆಪಾಸಿಟರ್ ನೋಡಿ. ಆ ಕಾಲದಲ್ಲಿ ಕಳಪೆ ಕೆಪಾಸಿಟರ್ ಜಗತ್ತಿನೆಲ್ಲೆಡೆ ಹರಡಿತ್ತು. ತಲೆ ಉಬ್ಬಿದ್ದರೆ, ಕಂದು ಕಲೆ ಇದ್ದರೆ ಬದಲಿಸಬೇಕು. ಬದಲಿಸಲು ಬಂದರೆ ಇಂಥ ಬೋರ್ಡನ್ನು ಕಡಿಮೆಗೆ ಕೊಳ್ಳಿ, ಬರದಿದ್ದರೆ ಬಿಡಿ.

ಹಳೇ ಎಟಿ ಪವರ್ ಸಪ್ಲೈನಲ್ಲಿ ಎರಡು ಪ್ಲಗ್ ಇರುತ್ತವೆ. ಕಪ್ಪು ತಂತಿಗಳು ಮಧ್ಯದಲ್ಲಿ ಅಕ್ಕಪಕ್ಕ ಬರಬೇಕು. ತಿರುಗಿಸಿ ಹಾಕಿದರೆ ಬೋರ್ಡಿಗೆ ತಿಥಿ.

ರ‍್ಯಾಮ್ ಬಿಟ್ಟರೆ ಇನ್ನೇನು ಮಾರಾಟವಾಗುತ್ತದೆ?

ಐಎಸ್‌ಎ ಸೌಂಡ್ ಕಾರ್ಡ್, ಅದರಲ್ಲೂ ಸೌಂಡ್ ಬ್ಲಾಸ್ಟರ್ 16 ಮತ್ತು ಎಡಬ್ಲ್ಯೂಇ32. 3ಡಿಎಫ್‌ಎಕ್ಸ್ ವೂಡೂ ಗ್ರಾಫಿಕ್ಸ್ ಕಾರ್ಡ್ ಸಿಕ್ಕರೆ ನನಗೂ ಒಂದು ಮಾತು ಹೇಳಿ. ಓಡುವ ಫ್ಲಾಪಿ ಡ್ರೈವ್. ಹಳೇ ಟಿವಿಎಸ್ ಗೋಲ್ಡ್ ಕೀಬೋರ್ಡ್: ಒಳಗೆ ಚೆರ್ರಿ ಸ್ವಿಚ್ ಇರುವುದರಿಂದ ಕೀಬೋರ್ಡ್ ಹುಚ್ಚಿನವರು ಹುಡುಕುತ್ತಾರೆ. ಸಿಡಿ ಡ್ರೈವ್, ಡಯಲ್‌ಅಪ್ ಮೋಡೆಮ್ ಯಾರಿಗೂ ಬೇಡ.

ಚಿನ್ನ ತೆಗೆದರೆ ಲಾಭವಲ್ಲವೇ?

ಮನೆಯಲ್ಲಿ ಬೇಡ. ನೈಟ್ರಿಕ್ ಆಮ್ಲದ ಹೊಗೆ ಶ್ವಾಸಕೋಶ ಸುಡುತ್ತದೆ, ಉಳಿದ ನೀರು ಚರಂಡಿಗೆ ಹೋಗುತ್ತದೆ. ವಿಡಿಯೊ ನೋಡಿ ಶುರು ಮಾಡಿದವರು ಆಮ್ಲದ ಖರ್ಚೂ ಹುಟ್ಟಿಸುವುದಿಲ್ಲ. ಓಡುವ ರ‍್ಯಾಮನ್ನು ಚಿನ್ನಕ್ಕಾಗಿ ಕತ್ತರಿಸುವುದಂತೂ ಹಸು ಮಾರಿ ಹಗ್ಗ ಉಳಿಸಿಕೊಂಡ ಹಾಗೆ.

ಬೆಲೆ ಹೇಗೆ ಇಡಬೇಕು? ಜಾಹೀರಾತಿನಲ್ಲಿ ಏನಿರಬೇಕು?

ಬೇರೆಯವರು ಕೇಳುತ್ತಿರುವ ಬೆಲೆ ನೋಡಬೇಡಿ. ನಿಜವಾಗಿ ಮಾರಾಟವಾದ ಬೆಲೆ ನೋಡಿ. ವಿದೇಶಿ ಹರಾಜು ತಾಣಗಳಲ್ಲಿ ಅದು ಸಿಗುತ್ತದೆ, ಆದರೆ ಆ ಡಾಲರ್ ಲೆಕ್ಕ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಸಿಮ್, ಐಎಸ್‌ಎ ಕಾರ್ಡ್‌ಗಳಲ್ಲಿ ಹತ್ತಿರ ಬರುತ್ತದೆ, ಡಿಡಿಆರ್ ಪೀಳಿಗೆಗಳಲ್ಲಿ ಎಸ್‌ಪಿ ರೋಡ್ ದರವೇ ದರ.

ಜಾಹೀರಾತಿನಲ್ಲಿ ಎರಡೂ ಬದಿಯ ಸ್ಪಷ್ಟ ಫೋಟೊ, ಚಿಪ್ಪಿನ ನಂಬರ್, ಯಾವ ಬೋರ್ಡಿನಲ್ಲಿ ಓಡಿಸಿದಿರಿ, ಮೆಮ್‌ಟೆಸ್ಟ್ ಪರದೆಯ ಫೋಟೊ. ಇಷ್ಟಿದ್ದರೆ ಅರ್ಧ ಪ್ರಶ್ನೆ ಬರುವುದಿಲ್ಲ. ‘ರೇರ್’, ‘ವಿಂಟೇಜ್’ ಎಂದು ಬರೆಯುವುದಕ್ಕಿಂತ ‘865 ಬೋರ್ಡಿನಲ್ಲಿ ಪರೀಕ್ಷಿಸಿದೆ’ ಎಂದು ಬರೆದರೆ ಬೇಗ ಹೋಗುತ್ತದೆ. ಪರೀಕ್ಷಿಸದ್ದನ್ನು ‘ಪರೀಕ್ಷಿಸಿಲ್ಲ’ ಎಂದೇ ಬರೆಯಿರಿ.

ನಕಲಿ ಮಾಲು ಇದೆಯಾ?

ಇದೆ. ಕಡಿಮೆ ವೇಗದ ಸ್ಟಿಕ್ಕಿಗೆ ದೊಡ್ಡ ಬ್ರ್ಯಾಂಡಿನ ಸ್ಟಿಕ್ಕರ್ ಅಂಟಿಸುವುದು ಮಾಮೂಲು. ಸಿಪಿಯು-ಝಡ್ ಎಂಬ ಸಾಫ್ಟ್‌ವೇರಿನ ಎಸ್‌ಪಿಡಿ (ಸ್ಟಿಕ್ ಒಳಗೇ ಬರೆದಿರುವ ಮಾಹಿತಿ) ಪುಟ ತೆರೆದು ಒಳಗಿನ ಹೆಸರು, ಹೊರಗಿನ ಹೆಸರು ಹೊಂದುತ್ತವೆಯೇ ನೋಡಿ. ಎಸ್‌ಪಿಡಿಯನ್ನೂ ತಿದ್ದಬಹುದು, ಹಾಗಾಗಿ ಚಿಪ್ಪಿನ ನಂಬರ್ ಜೊತೆಗೂ ಹೋಲಿಸಿ. ಚಿಪ್ಪಿನ ಮೇಲ್ಮೈ ಉಜ್ಜಿ ಮತ್ತೆ ಅಚ್ಚು ಹಾಕಿದ್ದರೆ ಹೊಳಪು ಬೇರೆಯಾಗಿ ಕಾಣುತ್ತದೆ.

ಹೇಗೆ ಇಡಬೇಕು, ಹೇಗೆ ಕಳಿಸಬೇಕು?

ಬೆಳ್ಳಿ ಬಣ್ಣದ ಆಂಟಿಸ್ಟ್ಯಾಟಿಕ್ ಚೀಲ ಒಳ್ಳೆಯದು. ಗುಲಾಬಿ ಬಣ್ಣದ್ದು ಸ್ಥಿರ ವಿದ್ಯುತ್ ಹುಟ್ಟಿಸುವುದಿಲ್ಲ, ಆದರೆ ಹೊರಗಿನಿಂದ ಬರುವುದನ್ನು ತಡೆಯುವುದಿಲ್ಲ. ಥರ್ಮೋಕೋಲ್ ಬೇಡವೇ ಬೇಡ. ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿಟ್ಟರೆ ಎರಡು ಬೇಸಿಗೆಯಲ್ಲಿ ಕರಗಿ ಪಿನ್ನಿಗೆ ಅಂಟುತ್ತದೆ. ಮಳೆಗಾಲದಲ್ಲಿ ಡಬ್ಬದೊಳಗೆ ಸಿಲಿಕಾ ಜೆಲ್ ಹಾಕಿ. ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ ಸ್ಟಿಕ್ ಮುಟ್ಟುವ ಮೊದಲು ಕೇಸಿನ ಲೋಹ ಮುಟ್ಟಿ. ಕಳಿಸಲು ಗಟ್ಟಿ ರಟ್ಟಿನ ಡಬ್ಬ, ಸ್ಪೀಡ್ ಪೋಸ್ಟ್.

ಜಿಎಸ್‌ಟಿ?

ಸರಕು ವ್ಯಾಪಾರಕ್ಕೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ಮಿತಿ ಇದೆ. ಆನ್‌ಲೈನ್ ತಾಣದ ಮೂಲಕ ಅಥವಾ ಬೇರೆ ರಾಜ್ಯಕ್ಕೆ ಮಾರುವುದಾದರೆ ನಿಯಮ ಬೇರೆ. ಆಡಿಟರ್ ಹತ್ತಿರ ಒಮ್ಮೆ ಮಾತಾಡಿ.

ಹಳೇ ಹಾರ್ಡ್ ಡಿಸ್ಕಿನಲ್ಲಿ ಯಾರದೋ ಫೈಲ್ ಇದೆ. ಏನು ಮಾಡಲಿ?

ರ‍್ಯಾಮಿನಲ್ಲಿ ಏನೂ ಉಳಿಯುವುದಿಲ್ಲ, ಡಿಸ್ಕಿನಲ್ಲಿ ಎಲ್ಲವೂ ಉಳಿಯುತ್ತದೆ. ತೆರೆದು ನೋಡಬೇಡಿ, ಪೂರ್ತಿ ಅಳಿಸಿ ಮಾರಿ. ಬರೀ ಫಾರ್ಮ್ಯಾಟ್ ಸಾಲದು, ಸೊನ್ನೆ ಬರೆಯುವ ಸಾಫ್ಟ್‌ವೇರ್ ಬಳಸಿ. ನನಗೆ ಅಳಿಸಲು ಮನಸ್ಸಾಗದ್ದು ಡಿಟಿಪಿ ಅಂಗಡಿಗಳ ಡಿಸ್ಕ್. ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟ್‌ಗಳು, ಆ ಫಾಂಟ್ ಇಲ್ಲದೆ ಓದಲಾಗದ ಪುಸ್ತಕದ ಕಡತಗಳು ಅದರಲ್ಲಿರುತ್ತವೆ. ಅಂಗಡಿ ಮಾಲೀಕರು ಇನ್ನೂ ಇದ್ದರೆ ‘ಕಾಪಿ ಬೇಕಾ?’ ಎಂದು ಮೊದಲು ಅವರನ್ನೇ ಕೇಳುತ್ತೇನೆ.

ಓಡದ ಮಾಲು ಏನು ಮಾಡುತ್ತೀರಿ?

ಕಸದ ಗಾಡಿಗೆ ಹಾಕುವುದಿಲ್ಲ. ಅನುಮತಿ ಪಡೆದ ಇ-ತ್ಯಾಜ್ಯ ಸಂಸ್ಥೆಗೆ ಕೊಡುತ್ತೇನೆ. ದಾಬಸ್‌ಪೇಟೆಯಲ್ಲಿ 2005ರಿಂದ ಇರುವ ಇ-ಪರಿಸರದಂಥವು ನಮ್ಮ ಹತ್ತಿರವೇ ಇವೆ. ಕೆಟ್ಟ ಸ್ಟಿಕ್‌ಗಳ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಗುಣಾಕಾರದ ಗುರುತು ಹಾಕಿಯೇ ಕೊಡುತ್ತೇನೆ. ಇಲ್ಲದಿದ್ದರೆ ಅದೇ ಸ್ಟಿಕ್ ಸುತ್ತಿ ಬಳಸಿ ಸಂಡೇ ಬಜಾರಿನಲ್ಲಿ ಮತ್ತೆ ನನ್ನ ಕೈಗೇ ಬರುತ್ತದೆ.

ನನ್ನ ಹತ್ತಿರ ಒಂದೆರಡು ಸ್ಟಿಕ್ ಇದೆ. ಕೊಳ್ಳುತ್ತೀರಾ?

ಎರಡೂ ಬದಿಯ ಫೋಟೊ ಕಳಿಸಿ, ಚಿಪ್ಪಿನ ನಂಬರ್ ಓದುವಂತಿರಲಿ. 512 ಎಂಬಿಗಿಂತ ಕಡಿಮೆಯ ಡಿಡಿಆರ್1, 1 ಜಿಬಿಗಿಂತ ಕಡಿಮೆಯ ಡಿಡಿಆರ್2 ಆದರೆ ಫೋಟೊ ತೆಗೆಯುವ ಶ್ರಮವೂ ಬೇಡ. ಸಿಮ್, ರ‍್ಯಾಂಬಸ್ ಅಥವಾ ಹದಿನಾರು ಚಿಪ್ಪಿನ ಎಸ್‌ಡಿ ರ‍್ಯಾಮ್ ಆದರೆ ಒಂದೇ ಇದ್ದರೂ ನೋಡುತ್ತೇನೆ.